11ನೇ ತರಗತಿಯ ಅಮೆರಿಕನ್ ಲಿಟರೇಚರ್: ಟೀಚರ್ ನಿಜವಾಗಿ ಕೇಳುತ್ತಿರುವುದು ಏನು?

ಅಮೆರಿಕದಲ್ಲಿ ಶಾಲೆ ಶುರುವಾದ ಮೊದಲ ವಾರ ಹೈಸ್ಕೂಲ್ ಮಕ್ಕಳು ಮನೆಗೆ ಒಂದು ಕಟ್ಟು ಸಿಲಬಸ್ ತರುತ್ತಾರೆ. ವಿಷಯಕ್ಕೊಂದು. ಎಷ್ಟೋ ಕಡೆ ಕೊನೆಯ ಪುಟಕ್ಕೆ ಅಪ್ಪ ಅಮ್ಮನ ಸಹಿಯೂ ಬೇಕು. ಗಣಿತದ ಸಿಲಬಸ್ ನಮ್ಮವರಿಗೆ ನೋಡಿದ ತಕ್ಷಣ ಅರ್ಥವಾಗುತ್ತದೆ. ಕೆಮಿಸ್ಟ್ರಿಯದ್ದೂ ಪರವಾಗಿಲ್ಲ. ಅಮೆರಿಕನ್ ಲಿಟರೇಚರ್ ಸಿಲಬಸ್ ಹಾಗಲ್ಲ. ಕ್ಲೋಸ್ ರೀಡಿಂಗ್, ಅನೋಟೇಶನ್, ಸಾಕ್ರಟಿಕ್ ಸೆಮಿನಾರ್, ಎವಿಡೆನ್ಸ್, ಕಾಮೆಂಟರಿ. ಎಲ್ಲ ಪದಗಳೂ ಎಲ್ಲೋ ಕೇಳಿದ ಹಾಗಿರುತ್ತವೆ, ಮಾಡಬೇಕಾದ್ದೇನು ಅಂತ ಮಾತ್ರ ತಿಳಿಯುವುದಿಲ್ಲ. ಇಂಗ್ಲಿಷ್ ತಾನೇ, ಇಲ್ಲೇ ಬೆಳೆದ ಮಗು ನೋಡಿಕೊಳ್ಳುತ್ತದೆ ಅಂತ ಸಹಿ ಹಾಕಿ ಕಳಿಸುತ್ತೇವೆ.

ಆಮೇಲೆ ಮೊದಲ ಪ್ರಬಂಧಕ್ಕೆ ಸಿ ಬರುತ್ತದೆ. ಬೇರೆಲ್ಲ ವಿಷಯದಲ್ಲೂ ಎ ತೆಗೆಯುವ ಮಗು. ಪುಸ್ತಕ ಮೊದಲಿಂದ ಕೊನೆಯತನಕ ಓದಿದೆ. ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ. ಕಥೆಯನ್ನು ಒಂದೂ ಬಿಡದೆ ಬರೆದಿದೆ. ಮತ್ತೆ ಸಿ ಯಾಕೆ?

ಕಥೆಯನ್ನು ಒಂದೂ ಬಿಡದೆ ಬರೆದಿದೆ, ಅದಕ್ಕೇ.

ಈ ಕ್ಲಾಸಿನ ಎಲ್ಲ ನಿಯಮಗಳೂ, ಎಲ್ಲ ವಿಚಿತ್ರ ಹೆಸರುಗಳೂ ಒಂದೇ ಬೇಡಿಕೆಯಿಂದ ಹುಟ್ಟಿದವು. ಪುಸ್ತಕದಲ್ಲಿ ಏನಾಯಿತು ಅಂತ ಹೇಳಬೇಡ, ಅದು ನನಗೂ ಗೊತ್ತು. ನಿನಗೆ ಏನು ಕಂಡಿತು ಹೇಳು, ಅದು ಯಾವ ಸಾಲಿನಲ್ಲಿ ಕಂಡಿತು ತೋರಿಸು. ಇಷ್ಟು ಹಿಡಿತಕ್ಕೆ ಸಿಕ್ಕರೆ ಸಿಲಬಸ್‌ನ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಏನು ಓದಿಸುತ್ತಾರೆ

ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಪಠ್ಯಪುಸ್ತಕ ಇಲ್ಲ. ರಾಜ್ಯ ಮಾನದಂಡ ಹಾಕುತ್ತದೆ, ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಪುಸ್ತಕಗಳ ಪಟ್ಟಿ ಮಾಡುತ್ತದೆ, ಕೊನೆಗೆ ಯಾವುದನ್ನು ಯಾವಾಗ ಓದಿಸಬೇಕು ಅಂತ ಟೀಚರ್ ತೀರ್ಮಾನಿಸುತ್ತಾರೆ. 2010ರಲ್ಲಿ ಬಂದ ಕಾಮನ್ ಕೋರ್ ಮಾನದಂಡವನ್ನು ಬಹಳಷ್ಟು ರಾಜ್ಯಗಳು ಒಪ್ಪಿದವು. ಟೆಕ್ಸಸ್, ವರ್ಜೀನಿಯಾದಂಥವು ಒಪ್ಪಲಿಲ್ಲ. 11 ಮತ್ತು 12ನೇ ತರಗತಿಗೆ ಅದರಲ್ಲಿ ಒಂದು ಸ್ಪಷ್ಟ ಸಾಲಿದೆ. 18, 19ನೇ ಶತಮಾನದ ಮತ್ತು 20ನೆಯದರ ಆರಂಭದ ಮುಖ್ಯ ಅಮೆರಿಕನ್ ಕೃತಿಗಳು ಮಕ್ಕಳಿಗೆ ಗೊತ್ತಿರಬೇಕು. ಒಂದೇ ಕಾಲದ ಎರಡು ಮೂರು ಕೃತಿಗಳು ಒಂದೇ ಬಗೆಯ ವಿಷಯವನ್ನು ಹೇಗೆ ನೋಡುತ್ತವೆ ಅಂತ ಹೋಲಿಸಿ ಹೇಳಲೂ ಬರಬೇಕು. 1776ರ ಸ್ವಾತಂತ್ರ್ಯ ಘೋಷಣೆ, 1865ರಲ್ಲಿ ಲಿಂಕನ್ ಎರಡನೇ ಸಲ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣ, ಇವನ್ನೂ ಇಂಗ್ಲಿಷ್ ಕ್ಲಾಸಿನಲ್ಲೇ, ಬರವಣಿಗೆಯಾಗಿ ಓದಬೇಕು ಅನ್ನುತ್ತದೆ ಅದು. ಜಾರ್ಜಿಯಾದಲ್ಲಂತೂ ಈ ವಿಷಯಕ್ಕೆ ರಾಜ್ಯವೇ ವರ್ಷದ ಕೊನೆಯಲ್ಲಿ ಪರೀಕ್ಷೆ ನಡೆಸುತ್ತದೆ.

ಪಟ್ಟಿ ಊರಿಂದ ಊರಿಗೆ ಬದಲಾಗುತ್ತದೆ. ಆದರೂ ಪ್ಯೂರಿಟನ್ ಪಾದ್ರಿಗಳ ಪ್ರವಚನ, ಎಮರ್ಸನ್ ಮತ್ತು ಥೋರೋ, ಫ್ರೆಡ್ರಿಕ್ ಡಗ್ಲಾಸ್, ವಿಟ್ಮನ್, ಎಮಿಲಿ ಡಿಕಿನ್ಸನ್, ಟ್ವೈನ್, ಫಿಟ್ಜ್‌ಜೆರಾಲ್ಡ್, ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್‌ಟನ್, ಆರ್ಥರ್ ಮಿಲ್ಲರ್, ಈ ಹೆಸರುಗಳಲ್ಲಿ ಮುಕ್ಕಾಲು ಪಾಲು ಎಲ್ಲ ಕಡೆಯೂ ಸಿಗುತ್ತವೆ. ಕೆಲವರು ಕಾಲದ ಕ್ರಮದಲ್ಲಿ ಓದಿಸುತ್ತಾರೆ, ಕೆಲವರು ವಿಷಯದ ಪ್ರಕಾರ. ಹೇಗೆ ಓದಿಸಿದರೂ ಮಗು ಮಾಡಬೇಕಾದ ಕೆಲಸ ಒಂದೇ.

ಸ್ವಾರಸ್ಯ ಬರೆಯಿರಿ

ಕರ್ನಾಟಕದಲ್ಲಿ ಓದಿದವರಿಗೆ ಈ ಕೆಲಸ ಪೂರ್ತಿ ಹೊಸದಲ್ಲ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ "ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ" ಅಂತ ಒಂದು ಪ್ರಶ್ನೆ ಬರುತ್ತದಲ್ಲ? ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ ಮಾಡಿ ಬರೆಯುತ್ತಿದ್ದೆವು. ಆಯ್ಕೆ ಬಾಯಿಪಾಠ: ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಲಾಗಿದೆ. ಸಂದರ್ಭಕ್ಕೆ ಕಥೆ ಗೊತ್ತಿದ್ದರೆ ಸಾಕು. ಸ್ವಾರಸ್ಯಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಗೈಡಿನಲ್ಲಿದ್ದ ಒಂದು ಸಾಲನ್ನು ಎಲ್ಲದಕ್ಕೂ ಅಂಟಿಸಿ ಮುಂದೆ ಹೋಗುತ್ತಿದ್ದೆವು. ಅಂಕ ಬರುತ್ತಿತ್ತು.

ಅಮೆರಿಕನ್ ಲಿಟರೇಚರ್ ಕ್ಲಾಸು ವರ್ಷಪೂರ್ತಿ ಕೇಳುವುದು ಆ ಮೂರನೇ ಭಾಗವನ್ನೇ. ಆಯ್ಕೆಗೆ ಬ್ರಾಕೆಟ್ಟಿನಲ್ಲಿ ಲೇಖಕರ ಹೆಸರು, ಪುಟ ಸಂಖ್ಯೆ ಇದ್ದರೆ ಮುಗಿಯಿತು. ಸಂದರ್ಭಕ್ಕೆ ಅರ್ಧ ವಾಕ್ಯ ಸಾಕು. ಉಳಿದ ಪ್ಯಾರಾ ಪೂರ್ತಿ ಸ್ವಾರಸ್ಯಕ್ಕೆ. ಅದನ್ನೇ ಅವರು ಕಾಮೆಂಟರಿ ಅನ್ನುತ್ತಾರೆ, ಕೆಲವರು ಅನಾಲಿಸಿಸ್ ಅನ್ನುತ್ತಾರೆ. ಆಯ್ದ ಸಾಲನ್ನು ಎವಿಡೆನ್ಸ್ ಅನ್ನುತ್ತಾರೆ.

ಎಷ್ಟು ತೂಕ ಇದೆ ಅಂತ ಬೇಕಾದರೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಇಂಗ್ಲಿಷ್ ಲ್ಯಾಂಗ್ವೇಜ್ ಪರೀಕ್ಷೆಯಲ್ಲಿ ಅಂಕ ಹೇಗೆ ಹಂಚಿದ್ದಾರೆ ನೋಡಿ. ಎಷ್ಟೋ ಶಾಲೆಗಳಲ್ಲಿ 11ನೇ ತರಗತಿಯಲ್ಲಿ ಅಮೆರಿಕನ್ ಲಿಟರೇಚರ್ ಬದಲಿಗೆ, ಅಥವಾ ಅದರ ಜೊತೆ ಸೇರಿಸಿ, ಈ ಎಪಿ ಕೋರ್ಸ್ ಇರುತ್ತದೆ. ಮೇ ತಿಂಗಳ ಪರೀಕ್ಷೆಯಲ್ಲಿ ಮೂರು ಪ್ರಬಂಧ. ಒಟ್ಟು ಅಂಕದಲ್ಲಿ ಪ್ರಬಂಧಗಳ ಪಾಲು ಶೇಕಡ 55. ಪ್ರತಿ ಪ್ರಬಂಧಕ್ಕೆ 6 ಅಂಕ: ಥೀಸಿಸ್‌ಗೆ (ಪ್ರಬಂಧದ ಮುಖ್ಯ ವಾದಕ್ಕೆ) 1, ಎವಿಡೆನ್ಸ್ ಮತ್ತು ಕಾಮೆಂಟರಿಗೆ 4, ಪ್ರೌಢಿಮೆಗೆ 1. ಚಂದದ ಪೀಠಿಕೆ, ಭಾರಿ ಭಾರಿ ಪದ, ಕೊನೆಯಲ್ಲಿ ಒಂದು ನೀತಿವಾಕ್ಯ, ಇವಕ್ಕೆ ಅಂತ ಬೇರೆ ಅಂಕವೇ ಇಲ್ಲ. ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಗೆ ಅಂತ ಪದಗಳ ಪಟ್ಟಿ ಉರು ಹೊಡೆದು ಅದನ್ನೆಲ್ಲ ಪ್ರಬಂಧದಲ್ಲಿ ಸುರಿಯುವ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಬೇಕು.

ಒಂದು ಪ್ಯಾರಾ ಹತ್ತಿರದಿಂದ

ಕ್ಲೋಸ್ ರೀಡಿಂಗ್ ಅಂದರೆ ಒಂದು ಪ್ಯಾರಾವನ್ನು ಪದ ಪದ ನೋಡಿ ಓದುವುದು. ಡಗ್ಲಾಸ್ ಅವರ ಆತ್ಮಕಥೆಯನ್ನು ತೆಗೆದುಕೊಳ್ಳೋಣ. ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದವರು. 1845ರಲ್ಲಿ ಈ ಪುಸ್ತಕ ಬಂತು. ಹೆಚ್ಚಿನ ಶಾಲೆಗಳಲ್ಲಿ ಇದರ ಒಂದೆರಡು ಅಧ್ಯಾಯವಾದರೂ ಓದಿಸುತ್ತಾರೆ.

ಮೊದಲ ವಾಕ್ಯದಲ್ಲಿ ತಾವು ಹುಟ್ಟಿದ ಜಾಗ ಹೇಳುತ್ತಾರೆ. ಟಕಾಹೋ, ಹಿಲ್ಸ್‌ಬರೋ ಹತ್ತಿರ, ಈಸ್ಟನ್‌ನಿಂದ ಸುಮಾರು 12 ಮೈಲಿ, ಟಾಲ್ಬಟ್ ಕೌಂಟಿ. ಎರಡನೇ ವಾಕ್ಯದಲ್ಲಿ, ನನ್ನ ವಯಸ್ಸು ನನಗೆ ಖಚಿತವಾಗಿ ಗೊತ್ತಿಲ್ಲ, ಅದನ್ನು ಬರೆದಿಟ್ಟ ನಂಬುವಂಥ ದಾಖಲೆಯನ್ನು ನಾನು ನೋಡಿಯೇ ಇಲ್ಲ ಅನ್ನುತ್ತಾರೆ. ಕುದುರೆಗಳಿಗೆ ತಮ್ಮ ವಯಸ್ಸು ಎಷ್ಟು ಗೊತ್ತೋ ಬಹುಪಾಲು ಗುಲಾಮರಿಗೂ ಅಷ್ಟೇ ಗೊತ್ತು. ಹುಟ್ಟಿದ ಹಬ್ಬ ಗೊತ್ತಿಲ್ಲ. ಬಿತ್ತನೆ ಕಾಲ, ಕೊಯ್ಲು ಕಾಲ, ಚೆರ್ರಿ ಹಣ್ಣಿನ ಕಾಲ, ಇಷ್ಟೇ. ಬಿಳಿಯ ಮಕ್ಕಳು ತಮ್ಮ ವಯಸ್ಸು ಹೇಳುತ್ತಿದ್ದರು. ಯಜಮಾನನನ್ನು ಕೇಳಿದರೆ ಅದು ಉದ್ಧಟತನ. 1835ರಲ್ಲಿ ಯಾವಾಗಲೋ ಯಜಮಾನ ಇವನಿಗೆ ಸುಮಾರು 17 ಅಂದದ್ದು ಕಿವಿಗೆ ಬಿದ್ದಿತ್ತು. ಅದರ ಮೇಲೆ ಲೆಕ್ಕ ಹಾಕಿ, ಈಗ ನನಗೆ 27ರಿಂದ 28 ಇರಬೇಕು ಅನ್ನುತ್ತಾರೆ.

ಅನೋಟೇಟ್ ಮಾಡಿಕೊಂಡು, ಅಂದರೆ ಓದುತ್ತಾ ಪುಟದ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡು, ಬಾ ಅಂದರೆ ಸಾಮಾನ್ಯವಾಗಿ ಮಗು ಹಳದಿ ಹೈಲೈಟರ್ ತೆಗೆದು ಅರ್ಧ ಪುಟ ಬಳಿಯುತ್ತದೆ. "ಕುದುರೆ" ಕೆಳಗೆ ಗೆರೆ ಎಳೆದು ಪಕ್ಕದಲ್ಲಿ "ಸಿಮಿಲಿ" ಅಂತ ಬರೆಯುತ್ತದೆ. ಉಪಮೆ ಅಂತ ಗುರುತಿಸಿದ್ದು ಸರಿ. ಆದರೆ ಗುರುತಿಸಿದರೆ ಅರ್ಧ ಅಂಕವೂ ಇಲ್ಲ. ಟೀಚರ್ ಮಾರ್ಜಿನ್‌ನಲ್ಲಿ ಕೆಂಪು ಇಂಕಿನಲ್ಲಿ ಬರೆಯುವ ಪ್ರಶ್ನೆ ಒಂದೇ: ಸರಿ, ಅದರಿಂದ ಏನಾಯಿತು?

ಇಲ್ಲಿಂದ ಶುರುವಾಗುವುದೇ ಅನೋಟೇಶನ್. ಜಾಗವನ್ನು ಮೈಲಿ ಲೆಕ್ಕದಲ್ಲಿ ಹೇಳಬಲ್ಲ ಮನುಷ್ಯನಿಗೆ ವಯಸ್ಸು ಹೇಳಲು ಬರುವುದಿಲ್ಲ ಅಂದರೆ ಏನು? ತಾವೇ ನಡೆದು ನೋಡಿ ತಿಳಿಯಬಹುದಾದ್ದು ಗೊತ್ತು, ಇನ್ನೊಬ್ಬರು ಬರೆದಿಡಬೇಕಾದ್ದು ಗೊತ್ತಿಲ್ಲ. ದಾಖಲೆ ಯಾರ ಕೈಯಲ್ಲಿತ್ತು? ಕುದುರೆಯೇ ಯಾಕೆ, ಹಕ್ಕಿ ಯಾಕಲ್ಲ? ಕುದುರೆಗೆ ಒಡೆಯ ಇರುತ್ತಾನೆ. ಅದರ ವಯಸ್ಸು ಅದಕ್ಕೆ ಗೊತ್ತಿರುವುದಿಲ್ಲ, ಕೊಳ್ಳುವವನಿಗೆ, ಮಾರುವವನಿಗೆ ಗೊತ್ತಿರುತ್ತದೆ. ಪುಸ್ತಕ ಮುಂದೆ ಓದುತ್ತಾ ಎಂಟನೇ ಅಧ್ಯಾಯಕ್ಕೆ ಬಂದರೆ ಯಜಮಾನ ಸತ್ತು ಆಸ್ತಿ ಪಾಲಾಗುವ ದೃಶ್ಯ ಬರುತ್ತದೆ. ಬೆಲೆ ಕಟ್ಟಲು ಗಂಡಸರು, ಹೆಂಗಸರು, ಮುದುಕರು, ಮಕ್ಕಳನ್ನು ಕುದುರೆ, ಕುರಿ, ಹಂದಿಗಳ ಜೊತೆ ಒಂದೇ ಸಾಲಿನಲ್ಲಿ ಎಣಿಸುತ್ತಾರೆ. ಮೊದಲ ಪುಟದಲ್ಲಿ ಹೋಲಿಕೆಯಾಗಿ ಬಂದದ್ದು ಎಂಟನೇ ಅಧ್ಯಾಯದಲ್ಲಿ ಕಣ್ಣೆದುರೇ ನಡೆಯುತ್ತದೆ.

ಇದನ್ನು ಕಂಡುಕೊಂಡ ಮಗುವಿಗೆ ಪ್ರಬಂಧ ಸಿಕ್ಕಿತು ಅಂತಲೇ ಅರ್ಥ. "ಗುಲಾಮಗಿರಿ ಬಹಳ ಕ್ರೂರವಾಗಿತ್ತು ಎಂದು ಡಗ್ಲಾಸ್ ತೋರಿಸುತ್ತಾರೆ" ಅನ್ನುವುದರ ಬದಲು ಅದು ಹೀಗೆ ಬರೆಯಬಹುದು: "ಡಗ್ಲಾಸ್ ತಮಗೆ ಗೊತ್ತಿರುವುದರಿಂದ ಅಲ್ಲ, ತಮಗೆ ತಿಳಿಯಗೊಡದೆ ಇಟ್ಟಿದ್ದರಿಂದ ಕಥೆ ಶುರು ಮಾಡುತ್ತಾರೆ, ಮನುಷ್ಯನನ್ನು ಆಸ್ತಿ ಮಾಡುವುದು ಚಾಟಿಯಿಂದ ಮಾತ್ರವಲ್ಲ, ಲೆಕ್ಕದ ಪುಸ್ತಕದಿಂದಲೂ ಅಂತ ಇದರಿಂದ ಕಾಣುತ್ತದೆ." ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪುಸ್ತಕ ಓದದೆಯೂ ಬರೆಯಬಹುದು. ಎರಡನೆಯದಕ್ಕೆ ಪುಸ್ತಕ ಬೇಕೇ ಬೇಕು.

ಥೀಸಿಸ್ ಅಂದರೆ ಇಷ್ಟೇ: ಯಾರಾದರೂ ಇಲ್ಲ ಅನ್ನಬಹುದಾದ, ಪುಟ ತೋರಿಸಿ ಹೌದು ಅನ್ನಿಸಬಹುದಾದ ಒಂದು ಮಾತು.

ಇನ್ನೊಂದು ಉದಾಹರಣೆ ಕೊಡದಿದ್ದರೆ ಆಗುವುದಿಲ್ಲ, ಯಾಕೆಂದರೆ ಪ್ರತಿ ವರ್ಷ ಸಾವಿರಾರು ಮಕ್ಕಳು ಇದೇ ಹೊಂಡಕ್ಕೆ ಬೀಳುತ್ತಾರೆ. ಫಿಟ್ಜ್‌ಜೆರಾಲ್ಡ್ ಅವರ 1925ರ ಗ್ಯಾಟ್ಸ್‌ಬಿ ಕಾದಂಬರಿಯ ಹಸಿರು ದೀಪ. ಗ್ಯಾಟ್ಸ್‌ಬಿ ಪ್ರೀತಿಸುವ ಡೇಸಿಯ ಮನೆಯ ದೋಣಿಕಟ್ಟೆಯ ತುದಿಯಲ್ಲಿ ಉರಿಯುವ ಆ ದೀಪ "ಆಸೆಯ ಸಂಕೇತ" ಅಂತ ಇಂಟರ್‌ನೆಟ್ಟಿನ ಎಲ್ಲ ಸಾರಾಂಶಗಳೂ ಹೇಳುತ್ತವೆ. ಟೀಚರ್‌ಗಳು ಇದನ್ನು ಓದಿ ಓದಿ ಸುಸ್ತಾಗಿದ್ದಾರೆ. ತಪ್ಪೇನಲ್ಲ. ಆದರೆ ದೀಪ ಕಾದಂಬರಿಯಲ್ಲಿ ಒಂದೇ ಸಲ ಬರುವುದಿಲ್ಲವಲ್ಲ. ಮೊದಲ ಅಧ್ಯಾಯದ ಕೊನೆಯಲ್ಲಿ ಗ್ಯಾಟ್ಸ್‌ಬಿ ಕತ್ತಲೆಯಲ್ಲಿ ಅದರ ಕಡೆ ಕೈ ಚಾಚಿ ನಿಂತಿರುತ್ತಾನೆ. ಐದನೇ ಅಧ್ಯಾಯದಲ್ಲಿ ಡೇಸಿ ಅವನ ಪಕ್ಕದಲ್ಲೇ ಇದ್ದಾಳೆ. ಆಗ ಅವನೇ ಆ ದೀಪದ ಮಾತು ತೆಗೆಯುತ್ತಾನೆ, ಅವಳು ಅವನ ತೋಳು ಹಿಡಿಯುತ್ತಾಳೆ. ಕಥೆ ಹೇಳುವ ನಿಕ್‌ಗೆ ಅನ್ನಿಸುತ್ತದೆ: ಅವನ ಪಾಲಿಗೆ ಮಾಯೆ ತುಂಬಿದ್ದ ವಸ್ತುಗಳಲ್ಲಿ ಈಗ ಒಂದು ಕಡಿಮೆಯಾಯಿತು.

ಹಾಗಾದರೆ? ಬೇಕಾದವಳು ಕೈಗೆ ಸಿಕ್ಕ ಗಳಿಗೆಯಲ್ಲೇ ಏನೋ ಕಳೆದುಹೋಯಿತು. ಗ್ಯಾಟ್ಸ್‌ಬಿಗೆ ಬೇಕಿದ್ದದ್ದು ಡೇಸಿಯೋ, ಡೇಸಿ ಬೇಕು ಅನ್ನುವ ಚಡಪಡಿಕೆಯೋ? ಇಲ್ಲಿ ಜಗಳ ಮಾಡಲು ಜಾಗ ಇದೆ. ಇಬ್ಬರು ಮಕ್ಕಳು ಎರಡು ಕಡೆ ನಿಂತು, ಇಬ್ಬರೂ ಎ ತೆಗೆಯಬಹುದು. ನಮ್ಮಲ್ಲಿ ಅನೇಕರಿಗೆ ಒಪ್ಪಲು ಕಷ್ಟವಾಗುವುದು ಇದೇ. ಸರಿ ಉತ್ತರ ಯಾವುದು ಅಂತ ಕೇಳುತ್ತೇವೆ. ಸರಿ ಉತ್ತರ ಒಂದೇ ಅಲ್ಲ. ಹಾಗಂತ ಬಾಯಿಗೆ ಬಂದದ್ದೆಲ್ಲ ಸರಿಯೂ ಅಲ್ಲ. ಪುಟ ಜೊತೆಗೆ ನಿಲ್ಲದ ಉತ್ತರ ತಪ್ಪು.

ಬಾಯಿ ಬಿಡಲೇಬೇಕಾದ ದಿನ

ಬರೆಯುವುದಕ್ಕಿಂತ ನಮ್ಮ ಮಕ್ಕಳಿಗೆ, ಅದರಲ್ಲೂ ಒಂಬತ್ತು ಹತ್ತನೇ ತರಗತಿ ಬೆಂಗಳೂರಲ್ಲೋ ಮೈಸೂರಲ್ಲೋ ಮುಗಿಸಿ ಬಂದವರಿಗೆ, ಸಾಕ್ರಟಿಕ್ ಸೆಮಿನಾರ್ ಕಷ್ಟ. ಬೆಂಚುಗಳನ್ನು ವೃತ್ತಾಕಾರ ಇಡುತ್ತಾರೆ. ಟೀಚರ್ ಒಂದು ಪ್ರಶ್ನೆ ಎಸೆದು ಸುಮ್ಮನಾಗುತ್ತಾರೆ. ಆಮೇಲೆ ಪೀರಿಯಡ್ ಮುಗಿಯುವತನಕ ಮಾತು ಮಕ್ಕಳದ್ದೇ. ಕೆಲವು ಕಡೆ ಎರಡು ವೃತ್ತ ಮಾಡುತ್ತಾರೆ: ಒಳಗಿನವರು ಮಾತಾಡುತ್ತಾರೆ, ಹೊರಗಿನವರು ಯಾರು ಏನು ಹೇಳಿದರು ಅಂತ ಬರೆದುಕೊಳ್ಳುತ್ತಾರೆ. ಟೀಚರ್ ಒಂದು ಮೂಲೆಯಲ್ಲಿ ಕೂತು ಗುರುತು ಹಾಕುತ್ತಾ ಇರುತ್ತಾರೆ.

ಏನನ್ನು ಗುರುತು ಹಾಕುತ್ತಾರೆ ಅಂತ ಗೊತ್ತಿದ್ದರೆ ಭಯ ಅರ್ಧ ಕಡಿಮೆಯಾಗುತ್ತದೆ. ಎಷ್ಟು ಹೊತ್ತು ಮಾತಾಡಿದೆ ಅನ್ನುವುದನ್ನಲ್ಲ. ಪುಟ ಹೇಳಿ ಸಾಲು ಓದಿದೆಯಾ, ಹಿಂದಿನವರ ಮಾತಿಗೆ ನಿನ್ನ ಮಾತು ಸೇರಿಸಿದೆಯಾ, ಒಳ್ಳೆಯ ಪ್ರಶ್ನೆ ಕೇಳಿದೆಯಾ, ಬೇರೆಯವರಿಗೆ ಜಾಗ ಬಿಟ್ಟೆಯಾ. ಒಬ್ಬನೇ ಕೂತು ಭಾಷಣ ಬಿಗಿದರೆ ಅಂಕ ಕಡಿಮೆಯಾಗುವುದೂ ಉಂಟು. ಸಂಕೋಚದ ಮಗು ಮೊದಲೇ ಎರಡು ಸಾಲಿಗೆ ಚೀಟಿ ಅಂಟಿಸಿಕೊಂಡು ಹೋಗಿ, "ಅವಳು ಹೇಳಿದ್ದಕ್ಕೆ ಈ ಪುಟದ ಈ ಸಾಲೂ ಸೇರುತ್ತದೆ ಅಲ್ವಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದರೂ ಬೇಕಾದದ್ದು ಮಾಡಿದಂತೆ. ಬೇಗ ಕೇಳಿದರೆ ಒಳ್ಳೆಯದು. ಹೊತ್ತಾದಷ್ಟೂ ಹೇಳಬೇಕೆಂದಿದ್ದನ್ನು ಬೇರೆಯವರು ಹೇಳಿಬಿಟ್ಟಿರುತ್ತಾರೆ.

ಪ್ರಶ್ನೆ ಎಂಥದ್ದಿರಬೇಕು? ಮಿಲ್ಲರ್ ಅವರ 1953ರ ನಾಟಕ ದಿ ಕ್ರೂಸಿಬಲ್ ಇದಕ್ಕೆ ಹೇಳಿ ಮಾಡಿಸಿದ್ದು. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾರರು ಅಂತ 19 ಜನರನ್ನು ಗಲ್ಲಿಗೆ ಹಾಕಿದರು. ಇನ್ನೊಬ್ಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಮಿಲ್ಲರ್ ಇದನ್ನು ಬರೆದದ್ದು ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲದಲ್ಲಿ. 1956ರಲ್ಲಿ ಅವರನ್ನೇ ಅಮೆರಿಕದ ಸಂಸತ್ತಿನ (ಕಾಂಗ್ರೆಸ್) ಸಮಿತಿಯ ಮುಂದೆ ಕರೆಸಿ ಬೇರೆಯವರ ಹೆಸರು ಹೇಳು ಅಂದರು. ಅವರು ಹೇಳಲಿಲ್ಲ. ಇಷ್ಟನ್ನು ಎಲ್ಲ ಮಕ್ಕಳೂ ಹೇಳುತ್ತಾರೆ. ಇದು ಸಂದರ್ಭ. ಆದರೆ ಮಾಟದ ಆರೋಪ ಹೊರಿಸಿದ ಚರಿತ್ರೆಯ ಅಬಿಗೇಲ್ ವಿಲಿಯಮ್ಸ್ ಸುಮಾರು 11–12 ವರ್ಷದ ಹುಡುಗಿ, ಗಲ್ಲಿಗೇರಿದ ಜಾನ್ ಪ್ರಾಕ್ಟರ್ 60ರ ಆಸುಪಾಸಿನವನು. ನಾಟಕದಲ್ಲಿ ಅವಳಿಗೆ 17, ಅವನು ಮೂವತ್ತೈದರ ಆಸುಪಾಸಿನಲ್ಲಿ ಇದ್ದಾನೆ, ಇಬ್ಬರ ನಡುವೆ ಸಂಬಂಧ ಇತ್ತು. ನಾಟಕಕಾರ ವಯಸ್ಸು ಬದಲಿಸಿದ್ದು ಯಾಕೆ? ಹಾಗೆ ಬದಲಿಸಿದ್ದರಿಂದ ಇಡೀ ಊರಿನ ಹುಚ್ಚಿಗೆ ಒಬ್ಬ ಹುಡುಗಿಯ ಸೇಡು ಕಾರಣ ಅನ್ನುವಂತಾಯಿತಲ್ಲ, ಅದು ನ್ಯಾಯವಾ? ಇಂಥದ್ದು ಕೇಳಿದರೆ ಸೆಮಿನಾರ್ ಅರ್ಧ ಗಂಟೆ ತಾನಾಗಿ ಓಡುತ್ತದೆ.

ನಮ್ಮದು ಅಂತ ಕಂಡಾಗ

ಥೋರೋ ಪಾಠ ಬಂದಾಗ ಕನ್ನಡದ ಮನೆಗಳಲ್ಲಿ ಸಂಭ್ರಮ. ಅವರು ಭಗವದ್ಗೀತೆ ಓದಿದ್ದರು. ತೆರಿಗೆ ಕಟ್ಟದೆ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದರು. ಆ ಕುರಿತ ಪ್ರಬಂಧವನ್ನು ಗಾಂಧೀಜಿ ಮೆಚ್ಚಿದ್ದರು. ಮಗು ಇದನ್ನೆಲ್ಲ ಅಪ್ಪನ ಬಾಯಿಂದ ಕೇಳಿ, ಥೋರೋ ವೇದಾಂತಿ ಅಂತ ಪ್ರಬಂಧ ಬರೆದು ಕೊಡುತ್ತದೆ. ಬರುವುದು ಮತ್ತೆ ಬಿ ಮೈನಸ್. ನಮ್ಮ ಸಂಸ್ಕೃತಿಯ ಮೇಲೆ ಟೀಚರ್‌ಗೆ ಗೌರವ ಇಲ್ಲ ಅಂತ ಅಪ್ಪ ಕೋಪ ಮಾಡಿಕೊಳ್ಳುತ್ತಾರೆ.

ಗೌರವದ ಪ್ರಶ್ನೆಯೇ ಅಲ್ಲ ಅದು. ಗೀತೆ ಓದಿದ್ದರು ಅನ್ನುವುದು ಮಾಹಿತಿ. ಓದಿದ್ದು ಬರವಣಿಗೆಯಲ್ಲಿ ಏನು ಮಾಡಿತು ಅಂತ ತೋರಿಸಿದರೆ ಮಾತ್ರ ಸ್ವಾರಸ್ಯ. 1854ರ ವಾಲ್ಡನ್ ಪುಸ್ತಕದಲ್ಲಿ ಚಳಿಗಾಲದ ಕೊಳದ ಬಗ್ಗೆ ಒಂದು ಅಧ್ಯಾಯ ಇದೆ. ಕೊಳ ಹೆಪ್ಪುಗಟ್ಟಿದೆ. ಕೂಲಿಯವರು ಬಂದು ಐಸ್ ಕತ್ತರಿಸಿ ಒಯ್ಯುತ್ತಿದ್ದಾರೆ. ಆಗ ನ್ಯೂ ಇಂಗ್ಲೆಂಡಿನ ಐಸನ್ನು ಹಡಗಿನಲ್ಲಿ ತುಂಬಿ ಭಾರತಕ್ಕೂ ಮಾರುತ್ತಿದ್ದರು. ಚೆನ್ನೈನ ಮರೀನಾ ಎದುರಿಗೆ ವಿವೇಕಾನಂದರ ಹೆಸರಿನಲ್ಲಿರುವ ಐಸ್ ಹೌಸ್ ಮೊದಲು ಆ ಐಸ್ ಇಡಲೆಂದೇ ಕಟ್ಟಿದ್ದು. ಥೋರೋ ಅದನ್ನು ನೋಡಿ, ಮದ್ರಾಸು, ಬೊಂಬಾಯಿ, ಕಲ್ಕತ್ತೆಯ ಜನ ನನ್ನ ಬಾವಿಯ ನೀರು ಕುಡಿಯುತ್ತಾರೆ ಅನ್ನುತ್ತಾರೆ. ಅದರ ಬೆನ್ನಿಗೇ, ಬೆಳಿಗ್ಗೆ ನಾನು ಗೀತೆಯ ತತ್ವದಲ್ಲಿ ಬುದ್ಧಿಗೆ ಸ್ನಾನ ಮಾಡಿಸುತ್ತೇನೆ ಅನ್ನುತ್ತಾರೆ. ಕೊನೆಗೆ ವಾಲ್ಡನ್ ಕೊಳದ ನೀರು ಗಂಗೆಯ ನೀರಿನೊಂದಿಗೆ ಬೆರೆಯುತ್ತದೆ.

ಐಸ್ ಈ ಕಡೆಯಿಂದ ಹೋಗುತ್ತದೆ, ಗೀತೆ ಆ ಕಡೆಯಿಂದ ಬರುತ್ತದೆ. ವ್ಯಾಪಾರಿಗೆ ಸಿಕ್ಕಿದ್ದು ದುಡ್ಡು. ಥೋರೋಗೆ ಸಿಕ್ಕಿದ್ದು ಏನು? ಲೋಕದ ವ್ಯಾಪಾರ ಬೇಡ ಅಂತ ಕಾಡು ಸೇರಿದ ಮನುಷ್ಯ ಅದೇ ವ್ಯಾಪಾರದ ಹಡಗಿನ ಮೇಲೆ ತನ್ನ ಕನಸು ತೇಲಿಬಿಡುತ್ತಿಲ್ಲವೇ? ಗೀತೆ ಗೊತ್ತಿರುವ ಮನೆಯ ಮಗು ಇಲ್ಲಿ ಬೇರೆಯವರಿಗೆ ಕಾಣದ್ದನ್ನು ಕಾಣಬಹುದು. ಆದರೆ ಈ ಪುಟದಿಂದ ಶುರು ಮಾಡಬೇಕು, ನಮ್ಮ ಹೆಮ್ಮೆಯಿಂದ ಅಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಟ್ವೈನ್ ಅವರ ಹಕಲ್‌ಬೆರಿ ಫಿನ್ ಕಾದಂಬರಿಯಲ್ಲಿ ಕಪ್ಪು ಜನರನ್ನು ಹೀಗಳೆಯುವ ಒಂದು ಪದ 200ಕ್ಕೂ ಹೆಚ್ಚು ಸಲ ಬರುತ್ತದೆ. 1885ರಲ್ಲಿ ಅಮೆರಿಕದಲ್ಲಿ ಅಚ್ಚಾದ ವರ್ಷವೇ ಕಾಂಕರ್ಡ್‌ನ ಗ್ರಂಥಾಲಯ ಅದನ್ನು ಬೇರೆ ಕಾರಣಕ್ಕೆ, ಒರಟು ಪುಸ್ತಕ ಅಂತ, ಹೊರಗಿಟ್ಟಿತ್ತು. ಇವತ್ತಿನ ತಕರಾರು ಆ ಪದದ್ದು. ಹೆಚ್ಚಿನ ಟೀಚರ್‌ಗಳು ಮೊದಲ ದಿನವೇ ನಿಯಮ ಹೇಳುತ್ತಾರೆ: ಗಟ್ಟಿಯಾಗಿ ಓದುವಾಗ ಆ ಪದ ಬಿಟ್ಟು ಓದಿ, ಬರೆಯುವಾಗಲೂ ಪೂರ್ತಿ ಬರೆಯಬೇಡಿ. ಹಾಡುಗಳಲ್ಲಿ ಆ ಪದ ಕೇಳಿ ಗೊತ್ತಿರುವ, ಅದರ ಹಿಂದಿನ ಗಾಯ ಗೊತ್ತಿಲ್ಲದ ಮಗು ಭಾರತದಿಂದ ಹೊಸದಾಗಿ ಬಂದಿದ್ದರೆ ಮನೆಯಲ್ಲೇ ಕೂರಿಸಿ ಹೇಳಿ. ನಮ್ಮಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದು ಯಾಕೆ ತಪ್ಪೋ, ಯಾಕೆ ಕಾನೂನಿನ ಮಾತೋ, ಅದನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಯಾವುದಾದರೂ ಪುಸ್ತಕ ತೀರಾ ಮುಜುಗರ ಅನ್ನಿಸಿದರೆ ಬದಲಿ ಪುಸ್ತಕ ಕೇಳುವ ಅವಕಾಶವನ್ನು ಎಷ್ಟೋ ಡಿಸ್ಟ್ರಿಕ್ಟ್‌ಗಳು ಕೊಡುತ್ತವೆ. ನನ್ನ ಕೇಳಿದರೆ, ಕೇಳುವ ಮೊದಲು ಆ ಪುಸ್ತಕವನ್ನು ನೀವೇ ಒಮ್ಮೆ ಓದಿ.

ಕದಿಯಬಾರದು, ತಡ ಮಾಡಬಾರದು

ಸಿಲಬಸ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಇವೆರಡೇ. ಬೇರೆಯವರ ಮಾತನ್ನು ತಮ್ಮದು ಅಂತ ಕೊಡುವುದು ಇಲ್ಲಿ ದೊಡ್ಡ ಅಪರಾಧ. ಸೊನ್ನೆ ಬರಬಹುದು, ದಾಖಲೆಯಲ್ಲಿ ಸೇರಬಹುದು. ನೋಟ್ಸ್ ಹಂಚಿಕೊಂಡು ಎಲ್ಲರೂ ಒಂದೇ ಉತ್ತರ ಬರೆದು ಪಾಸಾದ ನಮಗೆ ಇದು ಅತಿಯಾಯಿತು ಅನ್ನಿಸಬಹುದು. ಆದರೆ ಈ ಕ್ಲಾಸಿನ ಲೆಕ್ಕದಲ್ಲಿ ಯೋಚಿಸಿ. ಕೇಳಿದ್ದೇ ನಿನಗೆ ಏನು ಕಂಡಿತು ಅಂತ. ಇನ್ನೊಬ್ಬರಿಗೆ ಕಂಡದ್ದನ್ನು ಕೊಟ್ಟರೆ ಕೊಟ್ಟದ್ದೇನು? ಬೇರೆಯವರ ವಿಚಾರ ಬಳಸಬಹುದು, ಹೆಸರು ಹೇಳಿ ಬಳಸಬೇಕು. ಅದಕ್ಕೇ ಎಂಎಲ್ಎ ಪದ್ಧತಿ, ಅಂದರೆ ಯಾರಿಂದ ತೆಗೆದುಕೊಂಡದ್ದು ಅಂತ ನಮೂದಿಸುವ ಕ್ರಮ. ವಾಕ್ಯದ ಕೊನೆಗೆ ಬ್ರಾಕೆಟ್ಟಿನಲ್ಲಿ ಲೇಖಕರ ಸರ್‌ನೇಮ್, ಪುಟ ಸಂಖ್ಯೆ. ನಡುವೆ ಕಾಮಾ ಇಲ್ಲ. ಪ್ರಬಂಧದ ಕೊನೆಗೆ ಬಳಸಿದ ಪುಸ್ತಕಗಳ ಪಟ್ಟಿ. ಲೇಖಕರು ಸತ್ತು ನೂರು ವರ್ಷವಾಗಿದ್ದರೂ "ಡಗ್ಲಾಸ್ ಹೇಳುತ್ತಾರೆ" ಅಂತ ವರ್ತಮಾನದಲ್ಲೇ ಬರೆಯಬೇಕು. ಇವೆಲ್ಲ ಒಂದು ಸಲ ಕಲಿತರೆ ಕಾಲೇಜಿನತನಕ ಸಾಕು.

ಇಂಟರ್‌ನೆಟ್ಟಿನ ಸಾರಾಂಶ ಓದುವುದು ಕಳ್ಳತನವೇನಲ್ಲ. 19ನೇ ಶತಮಾನದ ಇಂಗ್ಲಿಷ್ ಕಷ್ಟ, ಒಮ್ಮೆ ಕಥೆ ಗೊತ್ತಾದರೆ ಓದು ಸುಲಭ. ತೊಂದರೆ ಏನೆಂದರೆ ಸಾರಾಂಶದಲ್ಲಿ ಕುದುರೆ ಇರುವುದಿಲ್ಲ, 12 ಮೈಲಿ ಇರುವುದಿಲ್ಲ. ಸ್ವಾರಸ್ಯ ಹುಟ್ಟುವ ಸಣ್ಣ ವಿವರಗಳನ್ನೇ ಅದು ಮೊದಲು ತೆಗೆದುಹಾಕಿರುತ್ತದೆ. ಚಾಟ್‌ಜಿಪಿಟಿ ಬಂದ ಮೇಲೆ ಎಷ್ಟೋ ಟೀಚರ್‌ಗಳು ಪ್ರಬಂಧವನ್ನು ಕ್ಲಾಸಿನಲ್ಲೇ, ಕೈಯಲ್ಲೇ ಬರೆಸುತ್ತಿದ್ದಾರೆ. ಮನೆಯಲ್ಲಿ ಬರೆದದ್ದಾದರೆ ಗೂಗಲ್ ಡಾಕ್ಸ್‌ನಲ್ಲಿ ಅದು ಹೇಗೆ ಬೆಳೆಯಿತು ಅಂತ ನೋಡುತ್ತಾರೆ. ಎರಡು ವಾರ ಖಾಲಿ ಇದ್ದ ಪುಟದಲ್ಲಿ ರಾತ್ರಿ ಹನ್ನೊಂದೂವರೆಗೆ ಇಡೀ ಪ್ರಬಂಧ ಒಂದೇ ಸಲ ಬಂದು ಬಿದ್ದಿದ್ದರೆ ಮಾರನೇ ದಿನ ಕರೆ ಬರುತ್ತದೆ. ಎಐ ಬಳಕೆ ಎಷ್ಟು ಸರಿ ಅನ್ನುವುದು ಶಾಲೆಯಿಂದ ಶಾಲೆಗೆ, ಟೀಚರ್‌ನಿಂದ ಟೀಚರ್‌ಗೆ ಬೇರೆ. ಸಿಲಬಸ್‌ನಲ್ಲಿ ಓದಲೇಬೇಕಾದ ಪ್ಯಾರಾ ಯಾವುದಾದರೂ ಇದ್ದರೆ ಅದೇ.

ಗಡುವಿನ ವಿಷಯ. ಓದುವುದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಗ್ಯಾಟ್ಸ್‌ಬಿಯಲ್ಲಿ ಒಂಬತ್ತು ಅಧ್ಯಾಯ. ಮೂರು ವಾರ ಕೊಟ್ಟರೆ ವಾರಕ್ಕೆ ಮೂರು. ಕಷ್ಟವೇನಲ್ಲ. ಒಂದು ವಾರ ಬಿಟ್ಟರೆ ಮಾತ್ರ ಸೆಮಿನಾರ್‌ನಲ್ಲಿ ಬಾಯಿ ಕಟ್ಟುತ್ತದೆ, ರೀಡಿಂಗ್ ಕ್ವಿಜ್‌ನಲ್ಲಿ ಅಂಕ ಹೋಗುತ್ತದೆ. ಪ್ರಬಂಧಕ್ಕೆ ಡ್ರಾಫ್ಟ್ ಕೊಡು ಅಂದರೆ ಅದು ಸುಮ್ನೆ ಶಾಸ್ತ್ರಕ್ಕಲ್ಲ. ತಿದ್ದಿ ಬರೆದದ್ದಕ್ಕೆ ಜಾಸ್ತಿ ಅಂಕ ಕೊಡುವ ಟೀಚರ್‌ಗಳು ಬಹಳ ಇದ್ದಾರೆ. ಕೆಲವರು ಗ್ರೇಡ್ ಬಂದ ಮೇಲೂ ಮತ್ತೆ ಬರೆದು ಕೊಡಲು ಬಿಡುತ್ತಾರೆ. ಸಿ ಬಂದ ಮಗುವಿಗೆ ಇರುವ ಒಳ್ಳೆಯ ದಾರಿ ಅದು, ಆದರೆ ಕೇಳಬೇಕು.

ಕೇಳಬೇಕಾದವರು ಯಾರು? ಮಗು. 11ನೇ ತರಗತಿಯಲ್ಲಿ ಅಪ್ಪ ಅಮ್ಮ ಇಮೇಲ್ ಮಾಡಿ ಅಂಕ ಕೇಳುವುದನ್ನು ಶಾಲೆಗಳು ಇಷ್ಟಪಡುವುದಿಲ್ಲ. ಮಗುವೇ ಬರೆಯಲಿ, ಅಥವಾ ಶಾಲೆ ಬಿಟ್ಟ ಮೇಲೆ ಹೋಗಿ ಕಾಣಲಿ. "ನನಗೆ ಯಾಕೆ ಎ ಬರಲಿಲ್ಲ" ಅನ್ನುವುದರ ಬದಲು "ಎರಡನೇ ಪ್ಯಾರಾದಲ್ಲಿ ಕಾಮೆಂಟರಿ ಸಾಲದು ಅಂದಿದ್ದೀರಿ, ಈ ಸಾಲಿಗೆ ಇನ್ನೇನು ಹೇಳಬಹುದಿತ್ತು" ಅಂತ ಕೇಳಿದರೆ ಟೀಚರ್ ಕುರ್ಚಿ ಎಳೆದು ಕೂರಿಸುತ್ತಾರೆ.

ಮನೆಯಲ್ಲಿ ನಾವು ಮಾಡಬಹುದಾದದ್ದು ಕಡಿಮೆ, ಆದರೆ ಇದೆ. ಪುಸ್ತಕ ಓದಿರದಿದ್ದರೂ ಪರವಾಗಿಲ್ಲ. ಮಗು ಪ್ರಬಂಧದ ಬಗ್ಗೆ ಹೇಳುವಾಗ "ಅದು ಎಲ್ಲಿದೆ, ತೋರಿಸು" ಅನ್ನಿ. ತೋರಿಸಿದ ಮೇಲೆ "ಸರಿ, ಅದರಿಂದ ಏನಾಯಿತು?" ಅನ್ನಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳಲಿ. ಇಂಗ್ಲಿಷ್‌ನಲ್ಲಿ ದೊಡ್ಡ ಪದಗಳ ಹಿಂದೆ ಅಡಗಿಕೊಳ್ಳುವ ಮಗು ಕನ್ನಡದಲ್ಲಿ ಹೇಳಬೇಕಾದಾಗ ತನಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಅಂತ ಬೇಗ ಕಂಡುಕೊಳ್ಳುತ್ತದೆ.

ಮುಂದೆ ಎಂಜಿನಿಯರಿಂಗ್ ತಾನೇ ಮಾಡುವುದು, ಇಷ್ಟೆಲ್ಲ ಯಾಕೆ ಅನ್ನುವವರಿಗೆ ಒಂದು ವ್ಯವಹಾರದ ಮಾತು. ಕಾಲೇಜು ಅರ್ಜಿಗೆ ಟೀಚರ್‌ಗಳ ಶಿಫಾರಸು ಪತ್ರ ಬೇಕು, ಸಾಮಾನ್ಯವಾಗಿ 11ನೇ ತರಗತಿಯ ಟೀಚರ್‌ಗಳನ್ನೇ ಕೇಳುತ್ತಾರೆ. ಎಂಐಟಿಯಂಥ ಕಡೆಯೂ ಗಣಿತ ಅಥವಾ ವಿಜ್ಞಾನದ ಟೀಚರ್‌ರಿಂದ ಒಂದು, ಸಾಹಿತ್ಯ, ಸಮಾಜ, ಭಾಷೆಯಂಥ ವಿಷಯದವರಿಂದ ಇನ್ನೊಂದು ಪತ್ರ ಕೇಳುತ್ತಾರೆ. ಆ ಎರಡನೆಯದನ್ನು ಎಷ್ಟೋ ಸಲ ಈ ಕ್ಲಾಸಿನ ಟೀಚರೇ ಬರೆಯುತ್ತಾರೆ. 12ನೇ ತರಗತಿ ಶುರುವಾದ ಮೇಲೆ ಎಲ್ಲರೂ ಅವರ ಬಾಗಿಲಲ್ಲಿ ಸಾಲು ನಿಂತಿರುತ್ತಾರೆ. 11 ಮುಗಿಯುವ ಮೊದಲೇ, ಮೇ ತಿಂಗಳಲ್ಲಿ, ಮಗುವೇ ಹೋಗಿ ಮುಖತಃ ಕೇಳಿಕೊಳ್ಳಲಿ. ಹೋಗುವಾಗ ತಾನು ಚೆನ್ನಾಗಿ ತಿದ್ದಿ ಬರೆದ ಒಂದು ಪ್ರಬಂಧವನ್ನು ಜೊತೆಗೆ ತೆಗೆದುಕೊಂಡು ಹೋಗಲಿ.